ತೂಕದ ಮನೆಯ ಆಲ್ವಿನಾ ಟ್ರಕ್ ಆರಿಸಿದ್ದು

ನಮ್ಮ ತೂಕದ ಯಂತ್ರ ಕೆಟ್ಟಿದೆ ಎಂಬ ಮಾತನ್ನು ಆಲ್ವಿನಾ ಡ್ರೈಲಿಂಗಳ ಬಾಯಿಂದ ನಾನು ಕೇಳಿದ್ದು ಒಂದೇ ಒಂದು ಸಲ. ಅವತ್ತು ಯಂತ್ರ ಸರಿಯಾಗಿಯೇ ಇತ್ತು.

ಸೇಂಟ್ ಓಡಿಲಾದ ಧಾನ್ಯದ ಸೊಸೈಟಿಯಲ್ಲಿ ನಾವಿಬ್ಬರೂ ಮೂವತ್ತೊಂದು ವರ್ಷ ಜೊತೆಯಲ್ಲಿ ದುಡಿದವರು. ಗೋಧಿ ತುಂಬಿದ ಲಾರಿ ಬಂದರೆ ಉದ್ದನೆಯ ಕೊಳವೆ ಚುಚ್ಚಿ ಕಾಳು ತೆಗೆದು ತೇವ ನೋಡುವುದು ನನ್ನ ಕೆಲಸ. ಗಾಜಿನ ಕಿಟಕಿಯ ಹಿಂದೆ ಕುಳಿತು ತೂಕ ನೋಡಿ ಚೀಟಿ ಬರೆಯುವುದು ಅವಳ ಕೆಲಸ. ಅವಳ ಕಿಟಕಿಯಿಂದ ಕಾಣುತ್ತಿದ್ದದ್ದು ಇಷ್ಟು: ತೂಕದ ಹಲಗೆ, ಅದರಾಚೆ ರಸ್ತೆ, ರಸ್ತೆಯಾಚೆ ಗೋಧಿ, ಆ ಗೋಧಿಯಾಚೆ ಮತ್ತೆ ಗೋಧಿ. ಪಶ್ಚಿಮ ಕಾನ್ಸಾಸ್‌ನಲ್ಲಿ ಅದಕ್ಕಿಂತ ಹೆಚ್ಚಿನದು ಏನಾದರೂ ಇದ್ದರೆ ಯಾರಾದರೂ ನನಗೂ ತೋರಿಸಲಿ, ಅರವತ್ತೆಂಟು ವರ್ಷದಿಂದ ಹುಡುಕುತ್ತಿದ್ದೇನೆ.

ನಮ್ಮ ರೈತರು ಒಳ್ಳೆಯವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಆದರೆ ತೂಕದ ಹಲಗೆಯ ಮೇಲೆ ಬಂದರೆ ಎಲ್ಲರಿಗೂ ಒಂದೊಂದು ಉಪಾಯ ಹೊಳೆಯುತ್ತದೆ. ತುಂಬಿದ ಲಾರಿ ತೂಗುವಾಗ ಮಹಾರಾಯ ಒಳಗೇ ಕುಳಿತಿರುತ್ತಾನೆ. ಗೋಧಿ ಸುರಿದು ಖಾಲಿ ಲಾರಿ ತೂಗುವಾಗ ಸಿಗರೇಟಿನ ನೆಪದಲ್ಲಿ ಇಳಿದು ನಿಲ್ಲುತ್ತಾನೆ. ಅಲ್ಲಿಗೆ ಅವನ ಹೊಟ್ಟೆಯೂ ಗೋಧಿಯ ಲೆಕ್ಕಕ್ಕೆ ಸೇರಿತು. ಅದಕ್ಕಾಗಿಯೇ ಚೀಟಿಯ ಮೇಲೆ 'ಚಾಲಕ: ಒಳಗೆ, ಹೊರಗೆ' ಎಂದು ಎರಡು ಚೌಕ ಅಚ್ಚು ಹಾಕಿಸಿದ್ದಾರೆ. ಬೇರೆ ಊರಿನ ತೂಕದವರು ಆ ಚೌಕವನ್ನು ನೋಡುವುದೂ ಇಲ್ಲ. ಆಲ್ವಿನಾ ತಲೆ ಎಣಿಸಿ ಗುರುತು ಹಾಕುವವಳು.

"ಏನ್ ಕ್ಲೀಟಸ್, ಬರೋವಾಗ ಪಕ್ಕದಲ್ಲಿ ಕೂತಿದ್ದ ನಾಯಿ ಎಲ್ಲಿ?" ಎಂದು ಕಿಟಕಿಯಿಂದ ಕೇಳುತ್ತಿದ್ದಳು.

"ಒಂದಕ್ಕೆ ಹೋಗಿದೆ ಕಣಮ್ಮ."

"ಹೋಗಿ ಬರ್ಲಿ ಬಿಡು, ನಂಗೇನೂ ಅರ್ಜೆಂಟಿಲ್ಲ. ನಿನ್ನ ಹಿಂದೆ ಹದಿನಾಲ್ಕು ಲಾರಿ ನಿಂತಿದಾವೆ. ಅವರಿಗೆ ಅರ್ಜೆಂಟಿದ್ರೆ ಅವರೇ ಹುಡುಕ್ಕೊಂಡು ಬರ್ತಾರೆ."

ಹೇಗೆ ಬಂದೆಯೋ ಹಾಗೇ ತೂಗು, ಇದೊಂದೇ ಅವಳ ಕಾನೂನು. ಯಾರಾದರೂ ಯಂತ್ರ ಸರಿಯಿಲ್ಲ ಎಂದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು: "ಯಂತ್ರ ಸರಿಯಾಗಿದೆ. ನಿನ್ನ ನೆನಪು ಸರಿಯಿಲ್ಲ." ಪಾದ್ರಿಗಳಿಗೂ ಒಂದು ಸಲ ಹೀಗೆ ಹೇಳಿದ್ದಳು.

ಅವಳ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಇತ್ತು. ಕೊಲೊರಾಡೊದ ಬೆಟ್ಟ, ಕೆಳಗೆ ಪೈನ್ ಮರಗಳು, ಒಂದು ಹಳ್ಳ. ಯಾವ ವರ್ಷದ್ದೋ ಏನೋ, ತಿಂಗಳ ಭಾಗವನ್ನು ಕತ್ತರಿಸಿ ತೆಗೆದಿದ್ದಳು. ಆ ಬೆಟ್ಟ ನಮ್ಮೂರಿಂದ ಒಂದು ದಿನದ ದಾರಿ. ಆದರೂ ಅವಳು ಹೋಗಿರಲಿಲ್ಲ. ಜೂನಿನಲ್ಲಿ ಗೋಧಿ, ಸೆಪ್ಟೆಂಬರಿನಲ್ಲಿ ಜೋಳ, ನಡುವೆ ಯಾರದ್ದಾದರೂ ಮದುವೆ ಅಥವಾ ಮಣ್ಣು. ಗಂಡ ಡೆಲ್ಬರ್ಟ್‌ಗೆ ಕೌಂಟಿಯ ಮಣ್ಣು ರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸುವ ಕೆಲಸ. ಅವನು ಸಮ ಮಾಡಿದ ರಸ್ತೆಯ ಮೇಲೆ ಎಲ್ಲರೂ ಎಲ್ಲೆಲ್ಲಿಗೋ ಹೋದರು, ಅವಳು ಎಲ್ಲರನ್ನೂ ತೂಗಿ ಕಳಿಸಿದಳು. ಇವರಿಬ್ಬರು ಮಾತ್ರ ಇದ್ದಲ್ಲೇ ಇದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ, ಅವಳು ನಿವೃತ್ತಳಾದ ವರ್ಷ ಮಾರ್ಚಿನಲ್ಲಿ ಆ ಕಾಗದ ಬಂದಾಗ ಅವಳಿಗಿಂತ ಹೆಚ್ಚು ಕುಣಿದವನು ನಾನು. ಬೆಟ್ಟದ ಮೇಲಿನ ಒಂದು ಅರಣ್ಯ ಕ್ಯಾಂಪಿನಲ್ಲಿ ಬೇಸಿಗೆಯಿಡೀ ಇದ್ದು, ಬಂದವರಿಗೆ ಜಾಗ ತೋರಿಸಿ, ಸೌದೆ ಕೊಟ್ಟು, ಗದ್ದಲ ಮಾಡುವವರನ್ನು ಗದರಿಸಿ ನೋಡಿಕೊಳ್ಳಲು ಒಂದು ದಂಪತಿ ಬೇಕಿತ್ತು. ಸಂಬಳವಿಲ್ಲ. ಹಳ್ಳದ ದಂಡೆಯಲ್ಲಿ ಟ್ರೇಲರ್, ಅಂದರೆ ಚಕ್ರದ ಮೇಲಿನ ಮನೆ, ನಿಲ್ಲಿಸಲು ಜಾಗ ಬಿಟ್ಟಿ. ಮೇ ಇಪ್ಪತ್ತರ ಒಳಗೆ ಸ್ವಂತ ಟ್ರೇಲರಿನೊಂದಿಗೆ ಇಬ್ಬರೂ ಬರಬೇಕು. ಇಬ್ಬರೂ ಸೇರಿ ಅರ್ಜಿ ಹಾಕಿದ್ದರು, ಕಾಗದದಲ್ಲಿ ಇಬ್ಬರ ಹೆಸರೂ ಇತ್ತು.

ಟ್ರೇಲರನ್ನು ಅವರು ಆಗಲೇ ಕೊಂಡಿದ್ದರು. ಮೂವತ್ತಮೂರು ಅಡಿ ಉದ್ದ, ಒಳಗೆ ಮಂಚ, ಒಲೆ, ಸ್ನಾನದ ಮನೆ, ನಮ್ಮ ಚರ್ಚಿನಲ್ಲೂ ಇಲ್ಲದ ಒಂದು ಬೆಂಕಿಗೂಡು. ಆಲ್ವಿನಾ ಅದಕ್ಕೆ ನೀರು ತುಂಬಿಸಿ, ಹಾಸಿಗೆ ಪಾತ್ರೆ ಎಲ್ಲ ಇಟ್ಟು, ತನ್ನ ಹಳೆಯ ಹಲಗೆಯ ಮೇಲೇ ತೂಗಿಸಿದ್ದಳು. ಒಂಬತ್ತು ಸಾವಿರದ ಆರುನೂರು ಪೌಂಡ್. ಅದು ಹೊರಬಹುದಾದ ಮಿತಿ ಒಂಬತ್ತು ಸಾವಿರದ ಎಂಟುನೂರು. ಇನ್ನೂರು ಉಳಿಯಿತಲ್ಲ ಎಂದು ಹಿಗ್ಗಿದ್ದಳು. ಉಳಿದದ್ದು ಒಂದೇ ಪ್ರಶ್ನೆ: ಇದನ್ನು ಬೆಟ್ಟದ ಮೇಲೆ ಎಳೆಯುವವರು ಯಾರು?

ಡೆಲ್ಬರ್ಟ್‌ಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಅವನ ಬಳಿ ಕೆಂಪು ಟ್ರಕ್ ಇತ್ತು. ಡ್ರೈಲಿಂಗ್ ಮನೆತನದವರು ಮೂರು ತಲೆಮಾರಿನಿಂದ ಒಂದೇ ಕಂಪನಿಯ ಗಾಡಿ ಓಡಿಸಿದವರು. ಅವನ ಅಪ್ಪನ ಗಾಡಿ ಒಮ್ಮೆ ಕೆಸರಿನಲ್ಲಿ ಹೂತಾಗ ಎದುರು ಕಂಪನಿಯ ಟ್ರಕ್ಕಿನವನೊಬ್ಬ ಎಳೆದು ಹಾಕಿದ. ಆ ಅವಮಾನಕ್ಕೆ ಮುದುಕ ಒಂದು ತಿಂಗಳು ಚರ್ಚಿಗೇ ಬರಲಿಲ್ಲ. ಕೇಳಿದರೆ ನಗು ಬರಬಹುದು. ನಮ್ಮೂರಲ್ಲಿ ಯಾರೂ ನಗಲಿಲ್ಲ, ಪಾಪ ಎಂದರು.

ಏಪ್ರಿಲಿನ ಒಂದು ಮಧ್ಯಾಹ್ನ ನಾನು ಅವರ ಅಂಗಳಕ್ಕೆ ಹೋದಾಗ ಡೆಲ್ಬರ್ಟ್ ಕಂಪನಿಯ ಹಾಳೆಯೊಂದನ್ನು ಹಿಡಿದು ನಿಂತಿದ್ದ. ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದ ಹಾಳೆ ಅದು.

"ನೋಡು ವೆಂಡೆಲ್, ನೀನೇ ಓದು. ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ. ಟ್ರೇಲರ್ ಹತ್ತು ಸಾವಿರಾನೂ ಇಲ್ಲ. ಮುಗೀತಲ್ಲ?"

ಆಲ್ವಿನಾ ಹೋಗಿ ಕೆಂಪು ಟ್ರಕ್ಕಿನ ಚಾಲಕನ ಬಾಗಿಲು ತೆರೆದಳು. ಬಾಗಿಲ ಚೌಕಟ್ಟಿನಲ್ಲಿ ಹಳದಿ ಅಂಚಿನ ಒಂದು ಚೀಟಿ ಅಂಟಿಸಿರುತ್ತಾರೆ. ಗಾಡಿ ಕೊಂಡವರು ಅದರ ಮೇಲೆ ಕಾಫಿ ಚೆಲ್ಲುತ್ತಾರೆಯೇ ಹೊರತು ಯಾರೂ ಓದುವುದಿಲ್ಲ.

"ಓದು," ಎಂದಳು ಗಂಡನಿಗೆ.

"ಕನ್ನಡಕ ಇಲ್ಲ."

"ತಲೆ ಮೇಲಿದೆ."

ಅವನು ಕನ್ನಡಕ ಇಳಿಸಿ, ಬಗ್ಗಿ, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಓದಿದ: "ಜನ ಮತ್ತು ಸಾಮಾನು ಸೇರಿ ಸಾವಿರದ ನಾನೂರ ಮೂವತ್ತು ಪೌಂಡ್ ಮೀರಬಾರದು."

"ಎಳೆಯೋದು ಬೇರೆ, ಹೊರೋದು ಬೇರೆ, ಡೆಲ್ಬರ್ಟ್. ನಿನ್ನ ಹಾಳೇಲಿ ಎಳೆಯೋದು ಬರೆದಿದಾರೆ. ಟ್ರೇಲರ್ ಬರೀ ಹಿಂದೆ ಬರಲ್ಲ, ಅದರ ಮೂಕಿ ನಿನ್ನ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತೆ. ಮೂಕಿ ಭಾರ ಸಾವಿರದ ಇನ್ನೂರು. ಅದನ್ನ ಸಿಕ್ಕಿಸೋ ಕಬ್ಬಿಣ ನೂರು. ನಾವಿಬ್ರು ನಾನೂರು."

"ನಾನೂರಾ?"

"ಅದರಲ್ಲಿ ಇನ್ನೂರ ನಲವತ್ತು ಯಾರದು ಅಂತ ವೆಂಡೆಲ್ ಮುಂದೆ ಹೇಳ್ಲಾ?"

"ಬೇಡ."

"ನಾಯಿ ಫ್ರಿಟ್ಸ್ ಎಪ್ಪತ್ತು. ನಿನ್ನ ಟೂಲ್ ಪೆಟ್ಟಿಗೆ ಮುನ್ನೂರ ಹತ್ತು, ಅದಿಲ್ದೆ ನೀನು ಬಚ್ಚಲಿಗೂ ಹೋಗಲ್ಲ. ಒಟ್ಟು ಎರಡು ಸಾವಿರದ ಎಂಬತ್ತು. ಆರುನೂರ ಐವತ್ತು ಜಾಸ್ತಿ ಆಯ್ತು."

"ಆ ಚೀಟಿ ಬರೆಯೋರು ವಕೀಲರು ಕಣೇ. ಹೆದರಿಸೋಕೆ ಬರೀತಾರೆ."

"ಸರಿ, ಕಟ್ಟು. ನೋಡೇ ಬಿಡೋಣ."

ಟ್ರೇಲರ್ ಕಟ್ಟಿದ ಕೂಡಲೇ ಕೆಂಪು ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಬಾಲ ಊರಿ ಕುಳಿತ ನಾಯಿಯ ಹಾಗೆ ಕಾಣುತ್ತಿತ್ತು. ಡೆಲ್ಬರ್ಟ್ ಅದನ್ನು ನೋಡಲಿಲ್ಲ, ಆಕಾಶ ನೋಡಿಕೊಂಡು ಒಳಗೆ ಹತ್ತಿದ. ಆಲ್ವಿನಾ ಅವನ ಪಕ್ಕದಲ್ಲಿ ಕುಳಿತಳು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ, ಯಾಕೆ ಕುಳಿತೆನೋ ಇವತ್ತಿಗೂ ಗೊತ್ತಿಲ್ಲ. ಹೆದ್ದಾರಿಯಲ್ಲಿ ಹತ್ತು ಮೈಲಿ ಎಲ್ಲ ಚೆನ್ನಾಗಿತ್ತು. ಆಮೇಲೆ ಎದುರಿನಿಂದ ದನ ತುಂಬಿದ ಲಾರಿಯೊಂದು ಭರ್ರೆಂದು ಹಾದು ಹೋಯಿತು. ಹಿಂದಿದ್ದ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೊನೆಯಿತು. ಅದರ ಜೊತೆಗೆ ನಾವೂ ತೊನೆದೆವು. ಮುಂದಿನ ಚಕ್ರಗಳಿಗೆ ನೆಲ ಸಿಗುತ್ತಲೇ ಇರಲಿಲ್ಲ, ಡೆಲ್ಬರ್ಟ್ ತಿರುಗಿಸಿದರೂ ಗಾಡಿ ತಿರುಗಲಿಲ್ಲ. ನಾನು ಗೊತ್ತಿರುವ ಸಂತರನ್ನೆಲ್ಲ ಹೆಸರು ಹಿಡಿದು ಕರೆದೆ. ಹೇಗೋ ಅದು ತಾನಾಗಿ ಸುಮ್ಮನಾಯಿತು.

ಮನೆಗೆ ಬಂದು ಇಳಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಗಾಳಿ ಜಾಸ್ತಿ ಇತ್ತು," ಎಂದ.

"ಕೇಳಿಸ್ಕೊಂಡ್ಯಾ ವೆಂಡೆಲ್? ಕಾನ್ಸಾಸ್‌ನಲ್ಲಿ ಗಾಳಿ ಜಾಸ್ತಿ ಇತ್ತಂತೆ," ಎಂದಳು ಆಲ್ವಿನಾ. "ನಾನು ಆ ಬೆಟ್ಟದ ಇಳಿಜಾರಲ್ಲಿ ಸಾಯೋಕೆ ಮೂವತ್ತೊಂದು ವರ್ಷ ಕಾದಿಲ್ಲ. ಸರಿಯಾದ ಟ್ರಕ್ ನಾನೇ ತರ್ತೀನಿ."

ಅವಳು ಟ್ರಕ್ ಹುಡುಕಿದ ರೀತಿ ನೋಡಬೇಕಿತ್ತು. ಬಣ್ಣ ಕೇಳಲಿಲ್ಲ, ವರ್ಷ ಕೇಳಲಿಲ್ಲ, ಅಶ್ವಶಕ್ತಿ ಎಂದು ಬಾಯಿ ತೆರೆದ ಮಾರಾಟಗಾರರನ್ನು ಅಲ್ಲೇ ಬಿಟ್ಟು ಮುಂದೆ ಹೋದಳು. ಸೀದಾ ಹೋಗಿ ಚಾಲಕನ ಬಾಗಿಲು ತೆರೆಯುವುದು, ಚೀಟಿ ಓದುವುದು, ಬಾಗಿಲು ಹಾಕುವುದು. ಮೂರು ಕೌಂಟಿಗಳಲ್ಲಿ ಹತ್ತೊಂಬತ್ತು ಬಾಗಿಲು ತೆರೆದು ಹಾಕಿದಳು. ಒಬ್ಬ ಮಾರಾಟಗಾರ, "ಅಮ್ಮಾ, ಒಳಗೆ ಕೂತು ನೋಡಿ, ಸೀಟು ಬೆಚ್ಚಗಾಗುತ್ತೆ," ಎಂದ. "ನನ್ನ ಸೀಟು ಈಗಾಗ್ಲೇ ಬೆಚ್ಚಗಿದೆ ಕಣಪ್ಪ. ಹೊರೋದೆಷ್ಟು ಹೇಳು," ಎಂದಳು.

ಇಪ್ಪತ್ತನೆಯ ಬಾಗಿಲು ಅಗಾಥಾ ಎಂಬ ವಿಧವೆಯ ಕೊಟ್ಟಿಗೆಯಲ್ಲಿತ್ತು. ಅವಳ ಗಂಡ ದನ ಸಾಗಿಸುತ್ತಿದ್ದವನು. ಬಿಳಿ ಟ್ರಕ್, ಡೀಸೆಲ್, ಉದ್ದ ಬೆನ್ನು, ಭಾರ ಹೊರುವ ದಪ್ಪ ಸ್ಪ್ರಿಂಗ್ ಪಟ್ಟಿಗಳು, ಇಳಿಜಾರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುವ ಏರ್ಪಾಟು. ಚೀಟಿಯಲ್ಲಿ ಎರಡು ಸಾವಿರದ ಮುನ್ನೂರ ನಲವತ್ತು. ಅವಳ ಲೆಕ್ಕ ಎರಡು ಸಾವಿರದ ಎಂಬತ್ತು. ಇನ್ನೂರ ಅರವತ್ತು ಉಳಿತಾಯ. ನಿವೃತ್ತಿಯ ದುಡ್ಡಿನಲ್ಲಿ ಅವತ್ತೇ ಕೊಂಡಳು.

ಒಂದೇ ಒಂದು ತೊಂದರೆ. ಅದು ಎದುರು ಕಂಪನಿಯ ಟ್ರಕ್.

ಅವಳು ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ ಡೆಲ್ಬರ್ಟ್ ಬಾಗಿಲಲ್ಲಿ ನಿಂತು ಮೂತಿಯ ಮೇಲಿನ ಮುದ್ರೆಯನ್ನು ಬಹಳ ಹೊತ್ತು ನೋಡಿದ.

"ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ."

"ಬರ್ಲಿ. ಹಿಂದಿನ ಸೀಟಲ್ಲಿ ಜಾಗ ಇದೆ. ಏನು ತೂಗ್ತಾನೆ ಅಂತ ಹೇಳು, ಸೇರಿಸ್ಕೊಳ್ತೀನಿ."

"ಆಲ್ವಿನಾ, ನಾನು ಅದನ್ನ ಹತ್ತಲ್ಲ. ಓಡಿಸಲ್ಲ, ಪಕ್ಕದಲ್ಲಿ ಕೂರೋದೂ ಇಲ್ಲ. ಇನ್ನೊಂದು ವರ್ಷ ತಡಿ, ನಮ್ಮ ಕಂಪನೀದೇ ದೊಡ್ಡದು ನೋಡೋಣ."

"ಮೇ ಇಪ್ಪತ್ತು ಅಂತ ಬರೆದಿದಾರೆ. ಶನಿವಾರ ಹದಿನೇಳಕ್ಕೆ ಹೊರಡ್ತೀನಿ. ನಿನ್ನ ಇನ್ನೂರ ನಲವತ್ತು ಲೆಕ್ಕದಲ್ಲಿದೆ. ಬರದೇ ಇದ್ರೆ ಗಾಡಿ ಇನ್ನೂ ಹಗುರ."

ಅವಳು ಜೋರಾಗಿಯೇ ಹೇಳಿದಳು. ಆದರೆ ಕಾಗದದಲ್ಲಿ ಇಬ್ಬರ ಹೆಸರು ಇದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಒಬ್ಬಳೇ ಹೋದರೆ ಕ್ಯಾಂಪಿನವರು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ಅವಳಿಗೆ ಅದು ಬೇಕಿರಲಿಲ್ಲ. ಗೋಡೆಯ ಮೇಲಿನ ಆ ಬೆಟ್ಟವನ್ನು ಅವಳು ಯಾವತ್ತೂ ಒಬ್ಬಳೇ ನೋಡಿದವಳಲ್ಲ, ಡೆಲ್ಬರ್ಟ್ ಊಟದ ಡಬ್ಬಿ ತಂದಾಗಲೆಲ್ಲ "ಅಲ್ಲಿ ನಾವು ಕೂರೋದು" ಎಂದು ಹಳ್ಳದ ಪಕ್ಕದ ಒಂದು ಬಂಡೆಯನ್ನು ತೋರಿಸುತ್ತಿದ್ದಳು.

ಅಂದಿನಿಂದ ಮೂರು ವಾರ ಗಂಡ ಹೆಂಡತಿ ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತಾಡಿದರು. ಆಲ್ವಿನಾ ದಿನಾ ಸೊಸೈಟಿಯ ಅಂಗಳಕ್ಕೆ ಬಿಳಿ ಟ್ರಕ್ಕನ್ನೂ ಟ್ರೇಲರನ್ನೂ ತಂದು ಹಿಂದಕ್ಕೆ ಓಡಿಸುವುದನ್ನು ಕಲಿತಳು. ಜೀವಮಾನದಲ್ಲಿ ಒಂದು ಕೈಗಾಡಿಯನ್ನೂ ಎಳೆಯದವಳು. ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೇ? ಕ್ಲೀಟಸ್ ಮತ್ತು ಅವನ ಗುಂಪು ಮಡಚುವ ಕುರ್ಚಿ ತಂದು ಸಾಲಾಗಿ ಕುಳಿತರು.

"ಬಲಕ್ಕೆ ಆಲ್ವಿನಾ, ಬಲಕ್ಕೆ! ಅಯ್ಯೋ, ನಿನ್ನ ಬಲಕ್ಕಲ್ಲ, ಟ್ರೇಲರಿನ ಬಲಕ್ಕೆ!"

"ಕ್ಲೀಟಸ್, ಎಂಬತ್ತೇಳನೇ ಇಸ್ವೀಲಿ ನೀನು ಲಾರೀನ ನನ್ನ ಕಿಟಕಿ ಒಳಗೇ ತಂದಿದ್ದು ಮರೆತ್ಯಾ? ಸುಮ್ನೆ ಕೂತ್ಕೋ."

ಎರಡನೆಯ ವಾರದ ಕೊನೆಗೆ ಅವಳು ಎರಡು ಡಬ್ಬಗಳ ನಡುವೆ ಒಂದು ಕೈ ಅಂತರದಲ್ಲಿ ಟ್ರೇಲರ್ ನಿಲ್ಲಿಸಿದಳು. ಕುರ್ಚಿಗಳಿಂದ ಚಪ್ಪಾಳೆ ಬಂತು. ಡೆಲ್ಬರ್ಟ್ ರಸ್ತೆಯಾಚೆ ನಿಂತು ನೋಡುತ್ತಿದ್ದ. ನಾನು ಕೈ ಬೀಸಿದ್ದಕ್ಕೆ ಮುಖ ತಿರುಗಿಸಿದ.

ಹೊರಡುವ ಎರಡು ದಿನ ಮುಂಚೆ ಒಂದು ವಿಚಿತ್ರ ನಡೆಯಿತು. ಡೆಲ್ಬರ್ಟ್ ತನ್ನ ಟೂಲ್ ಪೆಟ್ಟಿಗೆಯನ್ನು ಸರಪಳಿ ಹಾಕಿ ಎತ್ತಿ ಬಿಳಿ ಟ್ರಕ್ಕಿನ ಬೆನ್ನಿಗೆ ಏರಿಸಿದ. ನಲವತ್ತು ವರ್ಷ ಕೂಡಿಸಿದ ಪೆಟ್ಟಿಗೆ ಅದು, ಒಂದೊಂದು ಸ್ಪ್ಯಾನರಿಗೂ ಅವನ ಕೈಯ ಅಚ್ಚು ಬಿದ್ದಿದೆ.

"ನೀನು ಬರಲ್ಲ ಅಂದ್ಯಲ್ಲ?" ಎಂದೆ.

"ನಾನು ಬರಲ್ಲ. ಪೆಟ್ಟಿಗೆ ಹೋಗುತ್ತೆ. ಆ ಕಂಪನಿ ಗಾಡಿ ಬೆಟ್ಟ ಹತ್ತೋಕೆ ಮುಂಚೇನೇ ಕೆಡುತ್ತೆ. ದಾರೀಲಿ ಅವಳಿಗೆ ಬೇಕಾಗುತ್ತೆ."

"ಅವಳಿಗೆ ಸ್ಪ್ಯಾನರ್ ಹಿಡಿಯೋಕೆ ಬರಲ್ವಲ್ಲೋ."

"ಹಿಡಿಯೋರು ಯಾರಾದ್ರೂ ಸಿಗ್ತಾರೆ," ಎಂದು ಸರಪಳಿ ಸುತ್ತಿಕೊಂಡು ಹೋದ. ಇಂಥ ಕತ್ತೆಯನ್ನು ನಾನು ಕಂಡಿಲ್ಲ. ಅವನ ಮೇಲೆ ಅಷ್ಟು ಅಕ್ಕರೆ ಬಂದದ್ದೂ ಅವತ್ತೇ.

ಶನಿವಾರ ಬೆಳಗ್ಗೆ ಅರ್ಧ ಊರು ಸೊಸೈಟಿಯ ಅಂಗಳದಲ್ಲಿತ್ತು. ಹೆಂಗಸರು ಎಲೆಕೋಸು ಮಾಂಸ ತುಂಬಿ ಸುಟ್ಟ ಬನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಡೆಲ್ಬರ್ಟ್ ಕೂಡ ಬಂದಿದ್ದ, ಕೆಂಪು ಟ್ರಕ್ಕಿಗೆ ಒರಗಿ ಕೈಕಟ್ಟಿ ನಿಂತಿದ್ದ. ಬರ್ತೀಯಾ ಎಂದು ಆಲ್ವಿನಾ ಹಿಂದಿನ ದಿನವೂ ಕೇಳಿದ್ದಳಂತೆ, ಅವನು ಆಗಲೂ ಇಲ್ಲ ಎಂದಿದ್ದನಂತೆ.

ಹೊರಡುವ ಮುನ್ನ ಕೊನೆಯ ಸಲ ತೂಗಬೇಕು ಎಂದು ಅವಳೇ ಹಟ ಹಿಡಿದಿದ್ದಳು. ಹಳೆಯ ಕುರ್ಚಿಯಲ್ಲಿ ಅವತ್ತು ನಾನು ಕುಳಿತಿದ್ದೆ. ಅವಳು ಬಿಳಿ ಟ್ರಕ್ಕನ್ನೂ ಹಿಂದೆ ಟ್ರೇಲರನ್ನೂ ಹಲಗೆಯ ನಡುವೆ, ಗೆರೆ ಎಳೆದ ಹಾಗೆ ತಂದು ನಿಲ್ಲಿಸಿದಳು. ಪಕ್ಕದಲ್ಲಿ ಫ್ರಿಟ್ಸ್. ನಾನು ಒಟ್ಟು ತೂಕದಲ್ಲಿ ಮೊದಲೇ ಬೇರೆಯಾಗಿ ತೂಗಿಟ್ಟಿದ್ದ ಟ್ರಕ್ಕಿನದು ಕಳೆದೆ. ಮತ್ತೊಂದು ಸಲ ಕಳೆದೆ. ಕಿಟಕಿ ತೆರೆದೆ.

"ಆಲ್ವಿನಾ, ಟ್ರೇಲರ್ ಹತ್ತು ಸಾವಿರದ ಇಪ್ಪತ್ತು ಬರ್ತಿದೆ."

"ಒಂಬತ್ತು ಸಾವಿರದ ಆರುನೂರು. ಸರಿಯಾಗಿ ನೋಡು."

"ನೋಡ್ದೆ. ಹತ್ತು ಸಾವಿರದ ಇಪ್ಪತ್ತು. ಮಿತಿಗಿಂತ ಇನ್ನೂರ ಇಪ್ಪತ್ತು ಜಾಸ್ತಿ."

ಅವಳ ಕುತ್ತಿಗೆ ಕೆಂಪೇರಿತು. "ಹಾಗಾದ್ರೆ ಯಂತ್ರ ಕೆಟ್ಟಿದೆ."

ಕ್ಲೀಟಸ್ ಬಾಯಿಗೆ ಒಯ್ದ ಬನ್ನು ಅಲ್ಲೇ ನಿಂತಿತು. ಮೂವತ್ತೊಂದು ವರ್ಷ ಆ ಮಾತನ್ನು ಆಡಿದವರಿಗೆಲ್ಲ ಮಣ್ಣು ಮುಕ್ಕಿಸಿದವಳು ಇವಳೇ. ಇಷ್ಟು ದಿನದ ಬಾಕಿ ತೀರಿಸಿಕೊಳ್ಳುವ ಆಸೆ ನನಗೂ ಆಯಿತು. ಆದರೆ ಅವಳ ಮುಖ ನೋಡಿ ಮೆತ್ತಗೆ ಕೇಳಿದೆ: "ಹೋದ ಸಲ ತೂಗಿದಾಗ ಇಲ್ದೇ ಇದ್ದ ಯಾವ ನಾಯಿ ಹತ್ತಿದೆ ಆಲ್ವಿನಾ?"

ಅವಳು ಸ್ಟಿಯರಿಂಗನ್ನು ಎರಡು ಕೈಯಲ್ಲೂ ಹಿಡಿದು ಮುಂದೆ ನೋಡುತ್ತ ಕುಳಿತಳು.

ಆಗ ಡೆಲ್ಬರ್ಟ್ ಕೆಂಪು ಟ್ರಕ್ಕನ್ನು ಬಿಟ್ಟು ಬಂದ. ಟ್ರೇಲರಿನ ಮುಂಭಾಗಕ್ಕೆ ಹೋಗಿ ಮಂಚದ ಕೆಳಗಿನ ಬಾಗಿಲು ಎತ್ತಿದ. ಒಳಗೆ ಗಾಜಿನ ಜಾಡಿಗಳು, ಒಂದರ ಮೇಲೊಂದು, ನಡುವೆ ಹಳೆಯ ಟವಲು. ಹುಳಿ ಹಾಕಿದ ಬೀಟ್ರೂಟ್, ಬೀನ್ಸ್, ಎಲೆಕೋಸು, ಸೇಬಿನ ಗೊಜ್ಜು. ಅವನು ಎಣಿಸತೊಡಗಿದ. ನೂರ ನಲವತ್ತು ಜಾಡಿ. ಜಾಡಿಗೆ ಮೂರು ಪೌಂಡಿನ ಹಾಗೆ ನಾನೂರ ಇಪ್ಪತ್ತು.

ಆಲ್ವಿನಾ ಕೆಳಗಿಳಿದು ಬಂದಳು.

"ಊಟಾನ ಯಾರಾದ್ರೂ ತೂಕಕ್ಕೆ ಸೇರಿಸ್ತಾರಾ?" ಎಂದಳು. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿದಳು. "ನಂಗೆ ಭಯ ಕಣೋ. ಈ ಊರು ಬಿಟ್ಟು ನಾನು ಒಂದು ವಾರ ಇದ್ದೋಳಲ್ಲ. ಅಲ್ಲಿ ಒಬ್ರೂ ಗೊತ್ತಿಲ್ಲ. ನೀನೂ ಬರಲ್ಲ ಅಂದೆ. ನಮ್ಮನೆ ತೋಟದ ಬೀಟ್ರೂಟ್ ಆದ್ರೂ ಗುರುತಿನದು ಇರ್ಲಿ ಅಂತ ದಿನಾ ಏಳೇಳು ತಂದಿಟ್ಟೆ. ಎಷ್ಟಾಯ್ತು ಅಂತ ನೋಡ್ಲೇ ಇಲ್ಲ."

ಅವಳು ಭಯ ಎಂಬ ಪದ ಬಳಸಿದ್ದನ್ನು ನಾನು ಕೇಳಿರಲಿಲ್ಲ.

ಕ್ಲೀಟಸ್ ಎದ್ದು ಬಂದು ಜಾಡಿಗಳಿಗೆ ಕೈ ಹಾಕಿದ. "ಬಿಡಮ್ಮ, ಅರ್ಧ ಇಳಿಸಿ ಚರ್ಚಿನ ನೆಲಮಾಳಿಗೇಲಿ ಇಡೋಣ."

"ಒಂದು ಜಾಡೀನೂ ಮುಟ್ಬೇಡ," ಎಂದ ಡೆಲ್ಬರ್ಟ್. ತೀರಾ ಗಟ್ಟಿಯಾಗಿ ಹೇಳಿದ. "ಜಾಡಿ ಎಲ್ಲಾ ಟ್ರಕ್ಕಿನ ಬೆನ್ನಿಗೆ ಏರಿಸ್ರಪ್ಪ. ಟ್ರೇಲರ್ ಹಗುರ ಆಗುತ್ತೆ. ನನ್ನ ಪೆಟ್ಟಿಗೆ ಕೆಳಗಿಳಿಸಿ."

ಆಲ್ವಿನಾ ಕಣ್ಣು ಒರೆಸಿಕೊಂಡಳು, ಆದರೆ ಲೆಕ್ಕ ನಿಲ್ಲಲಿಲ್ಲ. ತುಟಿ ಅಲುಗಾಡುತ್ತಿತ್ತು. "ಮುನ್ನೂರ ಹತ್ತು ಹೋಗಿ ನಾನೂರ ಇಪ್ಪತ್ತು ಬಂತು. ಎರಡು ಸಾವಿರದ ನೂರ ತೊಂಬತ್ತು. ಮಿತಿ ಒಳಗೇ ಇದೆ." ಅಲ್ಲಿಗೆ ನಿಲ್ಲಿಸಿ ಅವನ ಮುಖ ನೋಡಿದಳು. "ಅದು ನಿನ್ನನ್ನೂ ಸೇರಿಸಿ, ಡೆಲ್ಬರ್ಟ್."

"ಗೊತ್ತು."

"ಪೆಟ್ಟಿಗೆ ಇಲ್ದೆ ದಾರೀಲಿ ಗಾಡಿ ಕೆಟ್ರೆ?"

ಅವನು ಬಿಳಿ ಟ್ರಕ್ಕಿನ ಮೂತಿಯ ಮೇಲಿನ ಮುದ್ರೆಯನ್ನು ನೋಡಿದ. ಗಂಟಲು ಸರಿ ಮಾಡಿಕೊಂಡ.

"ಕೆಡಲ್ಲ," ಎಂದ.

ಡ್ರೈಲಿಂಗ್ ಮನೆತನದ ಬಾಯಲ್ಲಿ ಎದುರು ಕಂಪನಿಯ ಬಗ್ಗೆ ಮೂರು ತಲೆಮಾರಿನಲ್ಲಿ ಹೊರಟ ಮೊದಲ ಒಳ್ಳೆಯ ಮಾತು ಅದು. ಕ್ಲೀಟಸ್ ಟೋಪಿ ತೆಗೆದ. ಆಮೇಲೆ ಎಲ್ಲರೂ ಸಾಲು ನಿಂತು ನೂರ ನಲವತ್ತು ಜಾಡಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಪೆಟ್ಟಿಗೆಯನ್ನು ನಾಲ್ಕು ಜನ ಇಳಿಸಿ ನನ್ನ ತೂಕದ ಮನೆಯ ಮೂಲೆಯಲ್ಲಿಟ್ಟರು. ಡೆಲ್ಬರ್ಟ್ ಅದರ ಬೀಗದ ಕೈ ನನಗೆ ಕೊಟ್ಟು, "ಹದಿನಾಲ್ಕನೇ ನಂಬರಿನ ಸ್ಪ್ಯಾನರ್ ಯಾರಿಗೂ ಕೊಡ್ಬೇಡ, ಕ್ಲೀಟಸ್‌ಗಂತೂ ಕೊಡ್ಲೇಬೇಡ," ಎಂದ.

ಮತ್ತೆ ತೂಗಿದೆ. ಟ್ರೇಲರ್ ಒಂಬತ್ತು ಸಾವಿರದ ಆರುನೂರು, ಸರಿಯಾಗಿ. ಆಲ್ವಿನಾ ಸ್ಟಿಯರಿಂಗ್ ಹಿಂದೆ ಕುಳಿತಿದ್ದಳು. ನಾನು ಚೀಟಿ ತೆಗೆದು ಅವಳ ಹೆಸರು ಬರೆದೆ. ಆ ಪುಸ್ತಕಗಳಲ್ಲಿ ಸಾವಿರಾರು ಚೀಟಿ ಬರೆದವಳು ಅವಳು, ಅವಳ ಹೆಸರಿನ ಚೀಟಿ ಒಂದೂ ಇರಲಿಲ್ಲ. 'ಚಾಲಕ: ಒಳಗೆ' ಎಂಬ ಚೌಕದಲ್ಲಿ ಗುರುತು ಹಾಕಿ ಕಿಟಕಿಯಿಂದ ಕೈ ಚಾಚಿದೆ.

ಅವಳು ಅದನ್ನು ತೆಗೆದುಕೊಳ್ಳುವ ಮುನ್ನ ಆ ಕಡೆಯ ಬಾಗಿಲು ತೆರೆಯಿತು. ಫ್ರಿಟ್ಸನನ್ನು ಹಿಂದಿನ ಸೀಟಿಗೆ ದೂಡಿ ಡೆಲ್ಬರ್ಟ್ ಹತ್ತಿ ಕುಳಿತ. ಬೆಲ್ಟು ಹುಡುಕಲು ಸ್ವಲ್ಪ ಹೊತ್ತಾಯಿತು, ಅವನ ಕಂಪನಿಯಲ್ಲಿ ಅದು ಬೇರೆ ಜಾಗದಲ್ಲಿರುತ್ತದೆ. ಆಮೇಲೆ ಅವಳ ಮೇಲಿಂದ ನನ್ನ ಕಡೆ ಬಗ್ಗಿದ.

"ವೆಂಡೆಲ್, ಆ ಚೀಟೀಲಿ ಪಕ್ಕದಲ್ಲಿ ಕೂತೋರಿಗೆ ಚೌಕ ಇದ್ಯಾ?"

"ಇಲ್ವಲ್ಲೋ."

"ಹಾಗಾದ್ರೆ ಕೈಯಲ್ಲೇ ಬರಿ. ಗಂಡ, ಒಳಗೆ."

ನಾನು ಬರೆದೆ.